ಆಫೀಸಿಗೆ ಬ್ರಾಡ್‌ಬ್ಯಾಂಡ್ ಸಾಕಾ, ಲೀಸ್ಡ್ ಲೈನ್ ಬೇಕಾ?

ಪ್ರಶ್ನೆ: ಮುಂಬೈ ಅಂಧೇರಿಯಲ್ಲಿ ನಮ್ದು ಚಿಕ್ಕ ವಿಡಿಯೋ ಎಡಿಟಿಂಗ್ ಆಫೀಸು ಸರ್, ಎಂಟು ಜನ ಇದ್ದೀವಿ. ನೆಟ್ ಫಾಸ್ಟೇ ಇದೆ, ಆದ್ರೆ ಕ್ಲೈಂಟಿಗೆ ಫೈಲ್ ಕಳಿಸೋಕೆ ಹೋದ್ರೆ ಗಂಟೆಗಟ್ಟಲೆ ಆಗುತ್ತೆ. ಲೀಸ್ಡ್ ಲೈನ್, ಅಂದ್ರೆ ನಮ್ಮ ಆಫೀಸಿಗೇ ಮೀಸಲಾದ ನೆಟ್ ಲೈನ್ ತಗೊಳ್ಳಿ ಅಂತಾರೆ, ರೇಟ್ ಕೇಳಿದ್ರೆ ಭಯ ಆಗುತ್ತೆ. ಏನ್ಮಾಡ್ಲಿ?

ಉತ್ತರ: ಮೊದ್ಲು ನಿಮ್ಮ ಅಪ್‌ಲೋಡ್ ಸ್ಪೀಡ್ ಎಷ್ಟಿದೆ ನೋಡಿ, ಜಾಹೀರಾತಲ್ಲಿ ದೊಡ್ಡದಾಗಿ ಹಾಕೋದು ಹೆಚ್ಚಾಗಿ ಡೌನ್‌ಲೋಡ್ ಲೆಕ್ಕ, ನಿಮ್ಮ ಕೆಲಸ ನಿಂತಿರೋದು ಅಪ್‌ಲೋಡ್ ಮೇಲೆ. 20 ಜಿಬಿ ಫೈಲು 20 ಎಂಬಿಪಿಎಸ್ ಅಪ್‌ಲೋಡಲ್ಲಿ ಹೋಗೋಕೆ ಎರಡು ಗಂಟೆ ಮೇಲೇ ಬೇಕು, 100 ಆದ್ರೆ ಅರ್ಧ ಗಂಟೆಯೊಳಗೆ ಮುಗಿಯುತ್ತೆ. ಅದಕ್ಕೇ ಎರಡೂ ಕಡೆ ಒಂದೇ ಸ್ಪೀಡ್ ಕೊಡೋ ಫೈಬರ್ ಪ್ಲಾನ್ ನಿಮ್ಮ ಬಿಲ್ಡಿಂಗಲ್ಲಿ ಸಿಗುತ್ತಾ ಕೇಳಿ, ನನ್ನ ಪ್ರಕಾರ ಎಂಟು ಜನಕ್ಕೆ ಅದೇ ಸಾಕು.

ಸಾಮಾನ್ಯ ಫೈಬರಲ್ಲಿ ಒಂದೇ ಲೈನನ್ನ 32 ಅಥವಾ 64 ಕನೆಕ್ಷನ್‌ಗೆ ಹಂಚಿರ್ತಾರೆ, ಸಂಜೆ ಸ್ಲೋ ಆಗೋಕೆ ಅದೂ ಒಂದು ಕಾರಣ. ಲೀಸ್ಡ್ ಲೈನಲ್ಲಿ ಹಾಗಿಲ್ಲ, ಸ್ಪೀಡ್ ನಿಮಗೇ ಮೀಸಲು, ಕೆಟ್ರೆ ಇಷ್ಟು ಗಂಟೆಯೊಳಗೆ ಸರಿಮಾಡ್ತೀವಿ ಅಂತ ಲಿಖಿತವಾಗಿ ಕೊಡ್ತಾರೆ, ನೀವು ಕೊಡೋ ದುಡ್ಡು ಅದಕ್ಕೇ. ಒಂದು ದಿನ ನೆಟ್ ಹೋದ್ರೆ ಕ್ಲೈಂಟೇ ಕೈತಪ್ಪೋ ಹಾಗಿದ್ರೆ ಮಾತ್ರ ಯೋಚಿಸಿ.

ಅದಕ್ಕಿಂತ ಮುಂಚೆ ಬೇರೆ ಕಂಪನಿಯಿಂದ ಇನ್ನೊಂದು ಲೈನ್ ಹಾಕ್ಸಿ ದಯವಿಟ್ಟು, ಮುಂಬೈ ಮಳೇಲಿ ಟೆರೇಸಿಂದ ಟೆರೇಸಿಗೆ ಎಳೆದ ಕೇಬಲ್ ಯಾವಾಗ ಕಡಿಯುತ್ತೋ ಹೇಳೋಕಾಗಲ್ಲ, ಎರಡೂ ಒಂದೇ ದಾರಿಲಿ ಬರ್ಬಾರ್ದು ಅನ್ನೋದನ್ನ ಲೈನ್‌ಮ್ಯಾನ್ ಹತ್ರ ಕೇಳಿ ಖಾತ್ರಿ ಮಾಡ್ಕೊಳ್ಳಿ. ಅನ್‌ಲಿಮಿಟೆಡ್ ಅಂದ್ರೂ ಡೇಟಾ ಮಿತಿ ಓದಿ. ಜಿಎಸ್‌ಟಿ ನಂಬರ್ ಇದ್ರೆ ಬಿಲ್ಲಲ್ಲಿ ಹಾಕ್ಸಿ, 18% ಟ್ಯಾಕ್ಸ್‌ಗೆ ಕ್ರೆಡಿಟ್ ಸಿಗುತ್ತೆ, ಅಂದ್ರೆ ನೀವು ಕಟ್ಟೋ ಜಿಎಸ್‌ಟಿಯಲ್ಲಿ ಅಷ್ಟನ್ನ ಕಳೀಬಹುದು.