ಒಂದು ಸೆಮಿಸ್ಟರ್ ಓದಲು ವಿದೇಶಕ್ಕೆ ಹೊರಟಿದ್ದೇನೆ, ತಯಾರಿ ಹೇಗಿರಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಸೂಟ್‌ಕೇಸಿಗೆ ಏನೇನು ತುಂಬಬೇಕು, ಅಲ್ಲಿನ ಭಾಷೆ ಎಷ್ಟು ಕಲಿತಿರಬೇಕು ಅಂತ ಕೇಳಿದ್ದೀರಿ. ನಾನೂ ಹೊರಡುವ ಮುಂಚೆ ಎರಡು ತಿಂಗಳು ಇವೆರಡನ್ನೇ ತಲೆಗೆ ಹಚ್ಚಿಕೊಂಡು ಕೂತಿದ್ದೆ. ಚಳಿಗೆ ಒಳಗೆ ಹಾಕಿಕೊಳ್ಳುವ ಮೂರು ಜೊತೆ ಥರ್ಮಲ್, ಆ್ಯಪಿನಲ್ಲಿ ದಿನಾ ಅರ್ಧ ಗಂಟೆ ಭಾಷಾಭ್ಯಾಸ. ಅವೆರಡರಲ್ಲಿ ನನಗೆ ಯಾವ ತೊಂದರೆಯೂ ಆಗಲಿಲ್ಲ. ನನ್ನ ಪದವಿ ಅರ್ಧ ವರ್ಷ ತಡವಾದದ್ದು ಒಂದು ಖಾಲಿ ಪುಟದಿಂದ.

ನಾನು ಹೋಗಿದ್ದು ಯುರೋಪಿನ ಒಂದು ವಿಶ್ವವಿದ್ಯಾಲಯಕ್ಕೆ. ಅಲ್ಲಿ ಇಸಿಟಿಎಸ್ ಲೆಕ್ಕ, ಅಂದರೆ ಓದಿನ ಭಾರ ಅಳೆಯುವ ಯುರೋಪಿನ ಕ್ರೆಡಿಟ್ ಪದ್ಧತಿ: ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ದುಡಿಮೆ, ತರಗತಿ, ಸ್ವಂತ ಓದು, ಪರೀಕ್ಷೆ ಎಲ್ಲ ಸೇರಿ. ಅಲ್ಲಿ ಯಾವ ಕೋರ್ಸ್ ಓದುತ್ತೇನೆ, ಅದನ್ನು ನನ್ನ ಕಾಲೇಜು ಲೆಕ್ಕಕ್ಕೆ ಹಿಡಿಯುತ್ತದೆ ಅಂತ ಮೊದಲೇ ಒಪ್ಪಿಕೊಳ್ಳುವ ಲರ್ನಿಂಗ್ ಅಗ್ರಿಮೆಂಟ್ ಎನ್ನುವ ಫಾರ್ಮಿನಲ್ಲಿ, ಹೊರಡುವ ಮೊದಲು ತಲಾ ಆರು ಕ್ರೆಡಿಟ್ಟಿನ ಐದು ಕೋರ್ಸ್ ಬರೆದಿದ್ದೆ. ನನ್ನದು, ನನ್ನ ಕಾಲೇಜಿನದು, ಅಲ್ಲಿನವರದು, ಮೂರೂ ಸಹಿ ಬಿದ್ದವು. ಕೆಲಸ ಮುಗಿಯಿತು ಅಂದುಕೊಂಡೆ.

ಅಲ್ಲಿ ಇಳಿದ ಮೊದಲ ವಾರವೇ ಗೊತ್ತಾಯಿತು, ಐದರಲ್ಲಿ ಒಂದು ಕೋರ್ಸ್ ಆ ಸೆಮಿಸ್ಟರಿನಲ್ಲಿ ನಡೆಯುವುದೇ ಇಲ್ಲ. ಇನ್ನೊಂದರ ಸಮಯ ಮತ್ತೊಂದರ ಮೇಲೆ ಬಿದ್ದಿದೆ. ಇದು ನನ್ನ ದುರದೃಷ್ಟ ಅಂದುಕೊಳ್ಳಬೇಡಿ, ನನ್ನ ಜೊತೆಗಿದ್ದ ಬಹಳಷ್ಟು ಜನರಿಗೂ ಹೀಗೇ ಆಯಿತು. ಅವೆರಡರ ಬದಲು ಬೇರೆ ಎರಡು ಆರಿಸಿ, ನನ್ನ ಕಾಲೇಜಿನ ಸಂಯೋಜಕರಿಗೆ ಈಮೇಲ್ ಹಾಕಿದೆ. ಮಾರನೆಯ ದಿನವೇ ಉತ್ತರ ಬಂತು: 'ಸರಿ ಅನ್ನಿಸುತ್ತದೆ, ಬಂದ ಮೇಲೆ ನೋಡೋಣ.'

ಆ 'ಸರಿ'ಯನ್ನು ನಾನು ಒಪ್ಪಿಗೆ ಎಂದು ಓದಿಕೊಂಡೆ. ತಪ್ಪಾದದ್ದು ಇಲ್ಲೇ, ಆದ್ದರಿಂದ ಸ್ವಲ್ಪ ಎಳೆದೇ ಹೇಳುತ್ತೇನೆ. ಅವರು ಬರೆದದ್ದು ಸೌಜನ್ಯಕ್ಕೆ, ತೀರ್ಮಾನವಾಗಿ ಅಲ್ಲ. ತೀರ್ಮಾನಕ್ಕೆ ಅದೇ ಫಾರ್ಮಿನ ಹಿಂದೆ ಬೇರೆಯೇ ಒಂದು ಪುಟ ಇತ್ತು. ಬಿಟ್ಟ ಕೋರ್ಸ್ ಯಾವುದು, ಸೇರಿಸಿದ್ದು ಯಾವುದು, ಯಾಕೆ, ಅದರ ಕೆಳಗೆ ಮತ್ತೆ ಮೂರು ಸಹಿಗೆ ಜಾಗ. ಮೊದಲ ಸಲ ಅದನ್ನು ನೋಡಿದಾಗ ಖಾಲಿ ಇದೆ, ಹೆಚ್ಚುವರಿ ಹಾಳೆ ಇರಬೇಕು ಅಂತ ಪ್ರಿಂಟ್ ಕೂಡ ತೆಗೆಯಲಿಲ್ಲ. ಒಂದು ಹಾಳೆ ಉಳಿಸಿದೆ.

ವಾಪಸ್ ಬರುವಷ್ಟರಲ್ಲಿ ಆ ಸಂಯೋಜಕರು ಬೇರೆ ವಿಭಾಗಕ್ಕೆ ಹೋಗಿದ್ದರು. ಹೊಸಬರು ಫಾರ್ಮ್ ತೆರೆದರು, ಅಂಕಪಟ್ಟಿ ಪಕ್ಕಕ್ಕಿಟ್ಟರು, 'ಈ ಎರಡು ಇದರಲ್ಲಿ ಇಲ್ಲವಲ್ಲ' ಅಂದರು. ಈಮೇಲ್ ತೋರಿಸಿದೆ. 'ಬಂದ ಮೇಲೆ ನೋಡೋಣ ಅಂದಿದ್ದಾರೆ, ಈಗ ನೋಡುತ್ತಿದ್ದೇವೆ, ಸಿಲೆಬಸ್ ಕೊಡಿ' ಅಂದರು. ಸಿಲೆಬಸ್ ಎಲ್ಲಿದೆ? ಆ ವಿಶ್ವವಿದ್ಯಾಲಯದ ಪುಟದಲ್ಲಿ ಆಗಲೇ ಮುಂದಿನ ಸೆಮಿಸ್ಟರಿನದು ಬಂದು ಕೂತಿತ್ತು. ನಾನು ಉಳಿಸಿಟ್ಟಿರಲಿಲ್ಲ. ಅಲ್ಲಿನ ಪ್ರಾಧ್ಯಾಪಕರಿಗೆ ಬರೆದೆ. ಒಬ್ಬರು ಕಳಿಸಿದರು, ಅದು ಪಾಸಾಯಿತು. ಇನ್ನೊಬ್ಬರಿಂದ ಉತ್ತರ ಬರಲೇ ಇಲ್ಲ. ಆರು ಕ್ರೆಡಿಟ್, ಕಮ್ಮಿ ಅಂದರೂ 150 ಗಂಟೆಯ ಓದು, ನೀರಲ್ಲಿ ಹೋಮ. ಅದು ನಮ್ಮಲ್ಲಿ ಕಡ್ಡಾಯ ವಿಷಯ, ವರ್ಷಕ್ಕೊಂದೇ ಸಲ ನಡೆಯುತ್ತದೆ. ಮುಂದಿನ ವರ್ಷ ಜೂನಿಯರುಗಳ ನಡುವೆ ಕೂತು ಮತ್ತೆ ಓದಿದೆ.

ಅದಕ್ಕೇ ಹೇಳುವುದು, ನಿಮ್ಮ ನಿಜವಾದ ಪ್ಯಾಕಿಂಗ್ ಸೂಟ್‌ಕೇಸಿನದಲ್ಲ. ಐದು ಕೋರ್ಸ್ ಬೇಕಿದ್ದರೆ ಒಂಬತ್ತಕ್ಕೆ ಈಗಲೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಒಂಬತ್ತರ ಸಿಲೆಬಸ್ಸನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ. ವಾರವಾರದ ಪಾಠ, ಪುಸ್ತಕಪಟ್ಟಿ, ಪರೀಕ್ಷೆಯ ಬಗೆ ಅದರಲ್ಲಿ ಇರಲಿ, ಬರೀ ಕೋರ್ಸಿನ ಹೆಸರು ತಾಳೆಯಾದರೆ ಯಾರೂ ಒಪ್ಪುವುದಿಲ್ಲ. ಕಡ್ಡಾಯ ವಿಷಯಗಳನ್ನು ದಯವಿಟ್ಟು ಅಲ್ಲಿ ಓದಬೇಡಿ, ಐಚ್ಛಿಕಗಳನ್ನಷ್ಟೇ ಒಯ್ಯಿರಿ. 'ಕಡ್ಡಾಯದ್ದು ಅಲ್ಲಿ ಸುಲಭವಾಗಿ ಮುಗಿಯುತ್ತದೆ' ಅನ್ನುವ ಸೀನಿಯರ್ ನಿಮಗೂ ಸಿಗುತ್ತಾರೆ. ನನಗೂ ಸಿಕ್ಕಿದ್ದರು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಷೆಂಗೆನ್ ದೇಶವಾದರೆ, ಅಂದರೆ ಒಂದೇ ಪ್ರವಾಸಿ ವೀಸಾ ನಡೆಯುವ ಯುರೋಪಿನ ದೇಶಗಳಲ್ಲಿ ಒಂದಾದರೆ, 90 ದಿನ ಮೀರುವ ವಾಸಕ್ಕೆ ಆ ಪ್ರವಾಸಿ ವೀಸಾ ಸಾಲದು, ಆ ದೇಶದ್ದೇ ದೀರ್ಘಾವಧಿಯ ಡಿ ವೀಸಾ ಅಥವಾ ವಾಸದ ಪರವಾನಗಿ ಬೇಕು. ಪ್ರವೇಶಪತ್ರ ಕೈಗೆ ಬಂದ ದಿನವೇ ಅದಕ್ಕೂ ಹಾಸ್ಟೆಲಿಗೂ ಅರ್ಜಿ ಹಾಕಿ. ಪರೀಕ್ಷೆಯ ದಿನಾಂಕ ಗೊತ್ತಾಗುವ ತನಕ ವಾಪಸ್ ಟಿಕೆಟ್ ಬೇಡ. ಭಾಷೆಯ ಮಾತಿಗೆ ಬಂದರೆ, ಬೀದಿಯ ಭಾಷೆಗಿಂತ ಮೊದಲು ಒಂದೊಂದು ಕೋರ್ಸಿನ ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ ಅಂತ ನೋಡಿಕೊಳ್ಳಿ.

ಸೂಟ್‌ಕೇಸಿಗೆ? ಪ್ಲಗ್ ಅಡಾಪ್ಟರ್ ಎರಡು ಹಾಕಿಕೊಳ್ಳಿ, ಒಂದನ್ನು ಯಾರಾದರೂ ಇಸಕೊಂಡು ವಾಪಸ್ ಕೊಡುವುದಿಲ್ಲ. ನನ್ನ ಮೂರು ಥರ್ಮಲ್ಲುಗಳಲ್ಲಿ ಎರಡು ಮಡಿಕೆ ಬಿಚ್ಚದೆ ವಾಪಸ್ ಬಂದವು.