ಅವನ ಪಾಲನ್ನೂ ತಿಂದವಳು

ದಾವಣಗೆರೆಯ ಒಂದು ಕುಟುಂಬ. ಅಪ್ಪನದು ಮಂಡಕ್ಕಿ ವ್ಯಾಪಾರ. ಅವಳಿ ಮಕ್ಕಳು, ಒಂದು ಹೆಣ್ಣು, ಒಂದು ಗಂಡು. ಹುಡುಗನಿಗೆ ಆಟಿಸಂ, ಅಂದರೆ ಮಾತು, ಒಡನಾಟ ಬೆಳೆಯುವ ರೀತಿಯೇ ಬೇರೆಯಾಗಿರುವ ಸ್ಥಿತಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಂಥ ಮನೆಯವರು ಆಪ್ತಸಲಹೆಗೆ ನನ್ನ ಬಳಿ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಕರೆತಂದದ್ದು ಹುಡುಗಿಯನ್ನು. ಸೆಕೆಂಡ್ ಪಿಯುಸಿ. "ಎದುರು ಮಾತಾಡ್ತಾಳೆ, ಧಾರವಾಡಕ್ಕೆ ಹೋಗಿ ಓದ್ತೀನಿ ಅಂತಾಳೆ" ಅನ್ನುವುದು ದೂರು.

ಒಂದು ದಿನ ಅಮ್ಮ ಹೇಳಿದರು, "ಇವಳು ಹೋದ್ರೆ ಅವನಿಗೆ ಯಾರು ಮೇಡಂ? ಇವಳು ತಿನ್ನಿಸಿದ್ರೆ ಮಾತ್ರ ಊಟ ಮಾಡ್ತಾನೆ." ಹುಡುಗಿ ತಲೆ ಎತ್ತದೆ ಅಂದಳು, "ಹೋಗಲ್ಲ ಬಿಡಮ್ಮ. ಅವನ ಪಾಲನ್ನೂ ತಿಂದವಳು ನಾನೇ ಅಲ್ವಾ?"

ಅಮ್ಮನಿಗೆ ಅರ್ಥವಾಗಲಿಲ್ಲ. ಕೇಳುತ್ತಾ ಹೋದಾಗ ಹೊರಬಿತ್ತು. ಹುಟ್ಟಿದಾಗ ಇವಳು ದಪ್ಪಗಿದ್ದಳು, ಅವನು ಸಣ್ಣ. ಅಜ್ಜಿ ಪ್ರತಿ ಹುಟ್ಟುಹಬ್ಬಕ್ಕೂ, "ಹೊಟ್ಟೆಯೊಳಗೇ ಇವಳು ಅವನ ಪಾಲೂ ನುಂಗಿದ್ಲು" ಅನ್ನುತ್ತಿದ್ದರಂತೆ. ಎಲ್ಲರೂ ನಗುತ್ತಿದ್ದರು. ಈ ಹುಡುಗಿ ಮಾತ್ರ ಚಿಕ್ಕಂದಿನಿಂದ ಬೆಣ್ಣೆ ದೋಸೆಯಲ್ಲಿ ಅರ್ಧ ಮುರಿದು ಅವನ ತಟ್ಟೆಗೆ ಹಾಕುತ್ತಾ ಬಂದಿದ್ದಾಳೆ.

"ಅಯ್ಯೋ, ತಮಾಷೆಗೆ ಅಂದಿದ್ದು ಕಣೇ!"

"ತಮಾಷೆ ಅಂತ ನಂಗ್ಯಾರೂ ಹೇಳ್ಲಿಲ್ವಲ್ಲಮ್ಮ."

ಅವತ್ತು ಬೇರೇನೂ ಮಾತಾಡಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಹೆಣ್ಣು-ಗಂಡು ಅವಳಿಗಳು ಹುಟ್ಟುವುದು ಎರಡು ಬೇರೆ ಅಂಡಗಳಿಂದ. ಆಹಾರ ಒದಗಿಸುವ ಮಾಸು ಇಬ್ಬರಿಗೂ ಅವರವರದ್ದೇ, ಹೊಕ್ಕುಳಬಳ್ಳಿಯೂ ಅವರವರದ್ದೇ. ಆಟಿಸಂನಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಒಂದು ಮಗು ಇನ್ನೊಂದರ ಪಾಲು ಕಸಿದು ಆಟಿಸಂ ಬರುವುದಿಲ್ಲ. ಹುಡುಗಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ನಾನು ಕೊಟ್ಟ ಸಲಹೆ: ಧಾರವಾಡಕ್ಕೆ ಕಳಿಸಿ. ಮನೆ ಒಡೀತೀರಾ ಅಂತ ನನ್ನನ್ನು ಬೈಯುವವರಿದ್ದಾರೆ. ಬೈಯಲಿ. ಸಾಲ ತೀರಿಸುವ ಹಾಗೆ ತಮ್ಮನನ್ನು ನೋಡಿಕೊಳ್ಳುವ ಅಕ್ಕನಿಗೆ ಒಂದು ದಿನ ಅವನ ಮುಖ ಕಂಡರೂ ಸಿಟ್ಟು ಬರುತ್ತದೆ. ಅಂಥವರೂ ನನ್ನ ಬಳಿ ಬರುತ್ತಾರೆ, ನಲವತ್ತು ದಾಟಿದ ಮೇಲೆ. ಅವನ ನಾಳೆಯ ಯೋಚನೆ ಮಾಡಬೇಕಾದವರು ದೊಡ್ಡವರು, ಹದಿನೇಳರ ಹುಡುಗಿಯಲ್ಲ.

ಅದಕ್ಕೆ ದಾರಿಯೂ ಇದೆ. ಅವನಿಗೆ 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಅಪ್ಪ-ಅಮ್ಮ ತಾನಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಆಟಿಸಂನಂಥ ಸ್ಥಿತಿ ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಪೋಷಕರಾಗಲು ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ ಹಾಕಬೇಕು. ಅದೇ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ಅಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡನ್ನೇ ಮಾಡಿಸಿರಲಿಲ್ಲ.

ಊಟದ್ದು ನಿಧಾನಕ್ಕೆ ಅಂದೆ. ಅದೇ ತಟ್ಟೆ, ಅದೇ ಹೊತ್ತು. ಮೊದಲು ಅಕ್ಕ ಪಕ್ಕದಲ್ಲಿರಲಿ, ತಿನ್ನಿಸುವುದು ಅಪ್ಪ. ಆಮೇಲೆ ಅವಳು ಬಾಗಿಲ ಹತ್ತಿರ, ಆಮೇಲೆ ಇನ್ನೊಂದು ಕೋಣೆಯಲ್ಲಿ.

ಮರುದಿನವೇ ಅಪ್ಪನ ಫೋನು. "ಮೇಡಂ, ತಟ್ಟೆ ಎಸೆದ."

"ನಾಳೆ ಸ್ವಲ್ಪ ಕಮ್ಮಿ ಬಡಿಸ್ಕೊಳ್ಳಿ. ಆದ್ರೆ ನೀವೇ ಕೂತ್ಕೊಳ್ಳಿ" ಅಂದೆ.