ಹಳೆ ಕಾರಿಗೆ ಜಿಪಿಎಸ್ ಸ್ಪೀಡೋಮೀಟರ್: ಹಾಕಿಸುವ ಮೊದಲು ನನ್ನ ಕಥೆ ಕೇಳಿ

ಹಳೆ ಕಾರಿನ ವೇಗದ ಮೀಟರಿನ ಮುಳ್ಳು 40ಕ್ಕೂ 70ಕ್ಕೂ ನಡುವೆ ಕುಣಿಯುತ್ತಿದೆ, ಅದನ್ನು ಕಿತ್ತು ಉಪಗ್ರಹದ ಸಂಕೇತದಿಂದ ವೇಗ ಲೆಕ್ಕ ಹಾಕುವ ಜಿಪಿಎಸ್ ಸ್ಪೀಡೋಮೀಟರ್ ಕೂರಿಸೋಣ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಯಾವುದೂ ಬೇಡ. ಆರು ವರ್ಷದ ಹಿಂದೆ ನಾನೂ ಇದೇ ಕುಣಿತ ನೋಡಿ ರೋಸಿಹೋಗಿ, ಇದೇ ಉಪಾಯ ಮಾಡಿ, ಒಂದು ಗೇರ್‌ಬಾಕ್ಸ್ ಕಳೆದುಕೊಂಡೆ.

ಹೊಸ ಮೀಟರ್ ನೋಡೋಕೆ ಚೆನ್ನಾಗಿತ್ತು. ಹಳೆಯದು ಇದ್ದ ತೂತಿನಲ್ಲೇ ಸರಿಯಾಗಿ ಕೂತಿತು. ಮೊದಲು ಆಂಟೆನಾವನ್ನು ಡ್ಯಾಶ್‌ಬೋರ್ಡಿನ ತಗಡಿನ ಕೆಳಗೆ ಬಚ್ಚಿಟ್ಟೆ, ಒಂದು ಉಪಗ್ರಹವೂ ಸಿಗಲಿಲ್ಲ. ಮುಂದಿನ ಗಾಜಿನ ಹತ್ತಿರಕ್ಕೆ ತಂದ ಮೇಲೆ ಮುಳ್ಳು ಎದ್ದಿತು. ಅಲುಗಾಟವೇ ಇಲ್ಲ! ಆ ಖುಷಿಯಲ್ಲಿ, ಇನ್ನು ಗೇರ್‌ಬಾಕ್ಸಿನಿಂದ ಹಳೆ ಮೀಟರಿಗೆ ತಿರುಗುತ್ತಾ ವೇಗ ಮುಟ್ಟಿಸುತ್ತಿದ್ದ ಆ ದರಿದ್ರ ಕೇಬಲ್ ಯಾಕೆ ಅಂತ ಕಾರಿನ ಕೆಳಗೆ ನುಗ್ಗಿ, ಗೇರ್‌ಬಾಕ್ಸಿನ ಕಡೆಯ ನಟ್ ಬಿಚ್ಚಿ, ಪೂರ್ತಿ ಎಳೆದು ಹಾಕಿದೆ. ಅಲ್ಲಿ ಒಂದು ತೂತು ಉಳಿಯಿತು. ಬಟ್ಟೆ ಚೂರು ತುರುಕಿ, ಮೇಲೆ ಟೇಪ್ ಸುತ್ತಿದೆ.

ಕೆಟ್ಟಿದ್ದು ಅಲ್ಲೇ. ಕೇಬಲ್ ಅಂದರೆ ಬರೀ ವೇಗ ಹೇಳುವ ತಂತಿ ಅಂದುಕೊಂಡಿದ್ದೆ. ನನ್ನ ಕಾರಿನಲ್ಲಿ ಅದು ಆ ತೂತಿಗೆ ಬಿರಡೆಯೂ ಆಗಿತ್ತು. ಒಳಗೆ ಕೇಬಲನ್ನು ತಿರುಗಿಸುವ ಪುಟ್ಟ ಗೇರ್ ಇರುತ್ತದೆ, ಅದರ ಸುತ್ತ ಎಣ್ಣೆ ಚಿಮ್ಮುತ್ತಲೇ ಇರುತ್ತದೆ. ಕಾರು ನಿಂತಾಗ ನೋಡಿದರೆ ಒಂದು ಹನಿಯೂ ಇಲ್ಲ. ಅರ್ಧ ಗಂಟೆ ಓಡಿಸಿ, ಎಣ್ಣೆ ಬಿಸಿಯಾಗಿ ತೆಳ್ಳಗಾದ ಮೇಲೆ ಬಟ್ಟೆ ಅದನ್ನು ಕುಡಿಯುತ್ತದೆ, ಟೇಪಿನ ಅಂಟು ಬಿಡುತ್ತದೆ. ನಾನು ಪರೀಕ್ಷೆ ಮಾಡಿದ್ದು ಯಾವಾಗ? ಕಾರು ನಿಂತಾಗ, ತಣ್ಣಗಿದ್ದಾಗ.

ಬೆಳಿಗ್ಗೆ ಕಾರಿನ ಕೆಳಗೆ ಅಂಗೈಯಗಲದ ಕಲೆ ಕಾಣತೊಡಗಿತು. ಹಳೆ ಕಾರು ಅಂದಮೇಲೆ ಸ್ವಲ್ಪ ಸೋರೋದೇ ಅಲ್ವಾ? ಎಂಜಿನ್ನಿನ ಡಿಪ್‌ಸ್ಟಿಕ್, ಅಂದರೆ ಎಣ್ಣೆ ಮಟ್ಟ ನೋಡುವ ಕಡ್ಡಿ, ಎಳೆದು ನೋಡಿದೆ, ಮಟ್ಟ ಸರಿಯಾಗಿಯೇ ಇತ್ತು, ಸಮಾಧಾನ ಆಯಿತು. ನನ್ನ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ಕೇ ಇಲ್ಲ ಅನ್ನೋದು ತಲೆಗೆ ಬರಲಿಲ್ಲ. ಬೆರಳಿಗೆ ಹಚ್ಚಿ ಮೂಸಿದ್ದರೂ ಗೊತ್ತಾಗುತ್ತಿತ್ತು. ಗೇರ್ ಎಣ್ಣೆಗೆ ಗಂಧಕದ ಕಮಟು ವಾಸನೆ ಇರುತ್ತದೆ. ಮೂಸಲಿಲ್ಲ. ಆಮೇಲೆ ಮೂರನೇ ಗೇರಿನಲ್ಲಿ ಗುಂಯ್ ಅಂತ ಸದ್ದು ಶುರುವಾಯಿತು. ರೇಡಿಯೋ ಜೋರು ಮಾಡಿಕೊಂಡು ಎರಡು ವಾರ ಓಡಿಸಿದೆ.

ಕೊನೆಗೆ ಮೆಕ್ಯಾನಿಕ್ ಗೇರ್‌ಬಾಕ್ಸಿನ ಪಕ್ಕದಲ್ಲಿ ಎಣ್ಣೆ ಮಟ್ಟ ನೋಡುವ ಪ್ಲಗ್ ಬಿಚ್ಚಿ ಕಿರುಬೆರಳು ಒಳಗೆ ಹಾಕಿದ. ಬೆರಳು ಒಣಗಿಕೊಂಡೇ ಹೊರಗೆ ಬಂತು. ಮೇಲಿನಿಂದ ಕರ್ರಗಾದ ಬಟ್ಟೆಯನ್ನು ಇಕ್ಕಳದಲ್ಲಿ ಎಳೆದು ನನ್ನ ಮುಖದ ಮುಂದೆ ಹಿಡಿದ. "ಸಾರ್, ಇದನ್ನ ಯಾರು ತುರುಕಿದ್ದು?" ಮೊದಲು ಕಾರು ಇಟ್ಟುಕೊಂಡಿದ್ದವರು ಇರಬೇಕು ಅಂದೆ. ಬೇರಿಂಗ್ ಎಲ್ಲಾ ಹೋಗಿತ್ತು.

ಈಗ ನಿಮ್ಮ ಮುಳ್ಳಿನ ವಿಷಯ. ಮುಳ್ಳು ಕುಣಿಯುತ್ತಿದ್ದರೆ ಹೆಚ್ಚಾಗಿ ಮೀಟರ್ ಕೆಟ್ಟಿರಲ್ಲ, ಕೇಬಲ್ ಒಣಗಿರುತ್ತದೆ ಇಲ್ಲಾ ಎಲ್ಲೋ ಮಡಿಸಿಕೊಂಡಿರುತ್ತದೆ. ಮೀಟರಿನ ಕಡೆ ಬಿಚ್ಚಿ, ಒಳಗಿನ ತಂತಿ ಎಳೆದು, ಸಮತಟ್ಟಾದ ನೆಲದ ಮೇಲೆ ಉರುಳಿಸಿ. ನೆಟ್ಟಗಿದ್ದರೆ ಸಲೀಸಾಗಿ ಉರುಳುತ್ತದೆ. ಡೊಂಕಿದ್ದರೆ ಒಂದು ಜಾಗದಲ್ಲಿ ಪಟ್ ಅಂತ ಮಗುಚಿಕೊಳ್ಳುತ್ತದೆ, ಅಂಥದ್ದನ್ನು ಬದಲಾಯಿಸಿ. ನೆಟ್ಟಗಿದ್ದರೆ ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ. ಆದರೆ ಮೀಟರ್ ಕಡೆಯ ನಾಲ್ಕು ಬೆರಳು ಜಾಗಕ್ಕೆ ಬೇಡ. ತಿರುಗುವ ತಂತಿ ಗ್ರೀಸನ್ನು ಮೇಲಕ್ಕೆ ಹತ್ತಿಸಿ ಮೀಟರಿನೊಳಗೆ ಸೇರಿಸುತ್ತದೆ, ಮುಳ್ಳು ಅಂಟಿಕೊಳ್ಳುತ್ತದೆ.

ಜಿಪಿಎಸ್ ಸುಳ್ಳು ಹೇಳುತ್ತದೆ ಅಂತ ನಾನು ಹೇಳ್ತಿಲ್ಲ. ಬಯಲಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅದು ಮುಳ್ಳಿಗಿಂತ ಪ್ರಾಮಾಣಿಕ. ಆದರೆ ಸುರಂಗದಲ್ಲಿ ಕುರುಡು. ಸೆಕೆಂಡಿಗೆ ಒಂದೇ ಸಲ ಲೆಕ್ಕ ಹಾಕುವಂಥದ್ದಾದರೆ ಬ್ರೇಕ್ ಒತ್ತಿದ ಮೇಲೂ ಹಳೆ ವೇಗವನ್ನೇ ತೋರಿಸುತ್ತಿರುತ್ತದೆ. 72ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 20 ಮೀಟರ್ ದಾಟಿರುತ್ತದೆ. ಕೇಬಲ್ ಕಿತ್ತರೆ ಹಳೆ ಕಿಲೋಮೀಟರ್ ಅಂಕಿಯೂ ಅಲ್ಲೇ ನಿಲ್ಲುತ್ತದೆ, ಎಣ್ಣೆ ಬದಲಿಸಿ ಎಷ್ಟು ದೂರ ಆಯಿತು ಅನ್ನೋದು ಮರೆತೇ ಹೋಗುತ್ತದೆ.

ಇನ್ನೊಂದು ಮಾತು. ಮುಳ್ಳು ಫೋನಿನ ಜಿಪಿಎಸ್ ವೇಗಕ್ಕಿಂತ ಜಾಸ್ತಿ ತೋರಿಸಿದರೆ ಕೆಟ್ಟಿದೆ ಅಂತಲ್ಲ. ಬೇಕಂತಲೇ ಹಾಗೆ ಮಾಡಿರುತ್ತಾರೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗಿಲ್ಲ, ಜಾಸ್ತಿ ತೋರಿಸಬಹುದು: ಶೇಕಡಾ 10, ಅದರ ಮೇಲೆ 4 ಕಿಲೋಮೀಟರ್. ನಿಜವಾಗಿ 100ರಲ್ಲಿದ್ದಾಗ ಮುಳ್ಳು 114 ಅಂದರೂ ನಡೆಯುತ್ತದೆ. ಕಡಿಮೆ ತೋರಿಸಿದರೆ ಮಾತ್ರ ಟೈರ್ ಅಳತೆ ನೋಡಿ, ಯಾರೋ ದೊಡ್ಡದು ಹಾಕಿರಬಹುದು.

ನಾನೀಗ ಕೇಬಲ್ ಹಾಕಿಸಿಕೊಂಡಿದ್ದೇನೆ. ತಿಂಗಳಿಗೊಮ್ಮೆ ಪಕ್ಕದಲ್ಲಿ ಕೂತವರ ಕೈಗೆ ಫೋನ್ ಕೊಟ್ಟು ಅದರ ಜಿಪಿಎಸ್ ವೇಗ ಓದಿಸುತ್ತೇನೆ. ಮುಳ್ಳು 60 ಅಂದರೆ ಫೋನ್ 55 ಅನ್ನುತ್ತದೆ. ಅಷ್ಟು ಸಾಕು. ನೀವು ಈಗಾಗಲೇ ಕೇಬಲ್ ಬಿಚ್ಚಿಬಿಟ್ಟಿದ್ದರೆ, ಉತ್ತರ ಓದೋದು ನಿಲ್ಲಿಸಿ. ಅರ್ಧ ಗಂಟೆ ಓಡಿಸಿ ಬಂದು, ಕಾರಿನ ಕೆಳಗೆ ಒಂದು ರಟ್ಟು ಹಾಸಿ. ಕಲೆ ಬಿದ್ದರೆ ಮೂಸಿ ನೋಡಿ.